ಎಡ ಹಿಂಗಾಲು

ಮಾರ್ಚ್ ೪, ಬೆಳಿಗ್ಗೆ

ಕ್ಯಾರೆಟ್ ಉದ್ದುದ್ದ ಹೆಚ್ಚಿದ್ದಾಯಿತು. ದುಂಡಗೆ ಹೆಚ್ಚಿದರೆ ಸಾಹುಕಾರನ ಗಂಟಲಿಗೆ ಸಿಕ್ಕಿಕೊಳ್ಳುತ್ತದಂತೆ. ಪುಟ್ಟಿ ಹೇಳಿ ಹೇಳಿ ಈಗ ನನಗೆ ನಾನೇ ಹೆಚ್ಚಿಕೊಳ್ಳುವುದೂ ಉದ್ದುದ್ದವೇ. ಫ್ಲಾಸ್ಕು, ಶಾಲು, ಮಡಿಚುವ ಕುರ್ಚಿ. ಮರಳಿನ ಅಂಗಳದ ಮೂಲೆಯಲ್ಲಿ ನನ್ನ ಜಾಗ.

ನಲವತ್ತಮೂರು ವರ್ಷದ ಹೆಂಗಸನ್ನ ಪುಟ್ಟಿ ಪುಟ್ಟಿ ಅಂತ ಕೂಗಬೇಡಿ ಎಂದು ಅವಳಿಗೆ ಸವಾರಿ ತರಬೇತಿ ಕೊಡುವ ಕೋಚಮ್ಮ ಗದರುತ್ತಾಳೆ. ನನ್ನ ಮಗಳು, ನನ್ನ ಬಾಯಿ. ಸಾಹುಕಾರನಿಗೂ ಪಾಸ್‌ಪೋರ್ಟಿನಲ್ಲಿ ಏನೋ ಮಾರುದ್ದದ ಇಂಗ್ಲಿಷ್ ಹೆಸರಿದೆ. ಹೊಟ್ಟೆ ಮುಂದೆ ಮಾಡಿಕೊಂಡು ಬೀದಿಯೆಲ್ಲ ತನ್ನದೇ ಅನ್ನುವ ಹಾಗೆ ನಡೆಯುವ ಕುದುರೆಗೆ ಸಾಹುಕಾರ ಅನ್ನದೆ ಇನ್ನೇನನ್ನುವುದು. ಹದಿನೇಳು ತುಂಬಿತು. ಕುದುರೆ ಲೆಕ್ಕದಲ್ಲಿ ಅವನಿಗೂ ನನ್ನ ಹಾಗೆ ವಯಸ್ಸಾಗುತ್ತಾ ಬಂತು.

ಇವತ್ತು ಒಂದು ನೋಡಿದೆ. ನೋಡಬಾರದಿತ್ತು.

ಸವಾರಿ ಮುಗಿದ ಮೇಲೆ ರೇಕ್ ಹಿಡಿದು ಮರಳು ಸಮ ಮಾಡುವುದು ನನ್ನ ಕೆಲಸ. ಮೂರು ಗೊರಸಿನ ಗುರುತು ಅಚ್ಚುಕಟ್ಟು. ನಾಲ್ಕನೆಯದರ ಮುಂದೆ ಸಣ್ಣದೊಂದು ಗೀರು. ಎಡ ಹಿಂಗಾಲು. ಕಾಲು ಪೂರ್ತಿ ಎತ್ತದೆ ತುದಿ ಎಳೆದದ್ದು. ಅಷ್ಟು ವರ್ಷ ಚಪ್ಪಲಿ ಅಂಗಡಿ ನಡೆಸಿದವನು ನಾನು, ಗಿರಾಕಿಯ ಮುಖಕ್ಕಿಂತ ಮೊದಲು ಸವೆದ ಅಟ್ಟೆ ನೋಡಿದವನು. ಗೊತ್ತಾಗದೆ ಇರುತ್ತದೆಯೇ.

ಕಾಲಿನಲ್ಲೇ ಅಳಿಸಿಬಿಟ್ಟೆ. ಯಾಕೆ ಕಾಲಿನಲ್ಲಿ? ರೇಕ್ ಕೈಯಲ್ಲೇ ಇತ್ತಲ್ಲ.

ಮಾರ್ಚ್ ೫

ಗೀರಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದೆ. ಇಲ್ಲ. ನಾನೇ ಒಬ್ಬ ಅನುಮಾನದ ಪ್ರಾಣಿ.

ಹಾಲು ಮುಗಿದಿದೆ. ತರಬೇಕು.

ಮಾರ್ಚ್ ೬

ಇದೆ.

ಮಾರ್ಚ್ ೧೧, ಸಂಜೆ

ಕೋಚಮ್ಮ ಬಂದಿದ್ದಳು. ಕಪ್ಪು ಕನ್ನಡಕ, ಬಾಯಲ್ಲಿ ಚ್ಯೂಯಿಂಗ್ ಗಮ್ಮು, ಕೈಯಲ್ಲಿ ಮೈಕು. ಹತ್ತು ಮಾರು ದೂರದ ಮಗಳಿಗೆ ಮೈಕ್ ಯಾಕೋ.

"ಯಜಮಾನ್ರೇ, ಮುಖ ಯಾಕೆ ಹಾಗಿಟ್ಕೊಂಡಿದ್ದೀರಿ? ಮಗಳು ತಂಡಕ್ಕೆ ಆಯ್ಕೆಯಾಗಿದ್ದಾಳೆ. ಸ್ವಲ್ಪ ನಗಿ."

"ಹಲ್ಲುಸೆಟ್ಟು ಮನೇಲಿದೆ," ಅಂದೆ.

ನಕ್ಕಳು. ಪುಟ್ಟಿ ನಗಲಿಲ್ಲ. ಸಾಹುಕಾರ ಇದ್ದಲ್ಲೇ ಟ್ರಾಟ್ ಮಾಡುತ್ತಿದ್ದ, ನೆಲ ಸುಡುತ್ತಿದೆಯೇನೋ ಅನ್ನುವ ಹಾಗೆ ಒಂದೊಂದೇ ಕಾಲು ಎತ್ತಿ ಎತ್ತಿ. "ಬ್ಯೂಟಿಫುಲ್!" ಅಂದಳು ಕೋಚಮ್ಮ ಮೈಕಿನಲ್ಲಿ. ನಾನು ಅವನ ಕಾಲು ನೋಡುವುದು ಬಿಟ್ಟು ಆಕಾಶ ನೋಡಿದೆ.

ಎದುರುಮನೆಯವರು ಕೇಳುತ್ತಾರೆ, ನಿಮ್ಮ ಮಗಳು ಕುದುರೆ ಕುಣಿಸುತ್ತಾಳಂತಲ್ಲ? ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ. ಈ ಸವಾರಿಯ ಹೆಸರು ಡ್ರೆಸಾಜ್ ಅಂದಾಗ ಬಟ್ಟೆಬರೆ ವಿಷಯ ಅಂದುಕೊಂಡಿದ್ದೆ. ನೋಡುತ್ತಾ ನೋಡುತ್ತಾ ಅರ್ಥವಾಯಿತು. ಮೇಲೆ ಕೂತವಳು ಏನೂ ಮಾಡುತ್ತಿಲ್ಲ ಅನ್ನಿಸಬೇಕು. ಕೆಳಗಿರುವವನು ಎಲ್ಲ ತಾನೇ ಇಷ್ಟಪಟ್ಟು ಮಾಡುತ್ತಿದ್ದಾನೆ ಅನ್ನಿಸಬೇಕು. ಸುತ್ತ ಐದು ಜನ ಕೂತು ಹೆಜ್ಜೆಹೆಜ್ಜೆಗೂ ಮಾರ್ಕ್ಸ್ ಹಾಕುತ್ತಿರುತ್ತಾರೆ. ಮದುವೆಯ ಹಾಗೇ.

ಪುಟ್ಟಿಯ ಅಮ್ಮ ಇದ್ದಿದ್ದರೆ ಈ ಮಾತಿಗೆ ಸೌಟು ತೋರಿಸುತ್ತಿದ್ದಳು.

ಪುಟ್ಟಿ ಒಂಬತ್ತನೇ ವಯಸ್ಸಿಗೆ ಕುದುರೆ ಏರಿದವಳು, ಇನ್ನೂ ಇಳಿದಿಲ್ಲ. ಇಪ್ಪತ್ತಕ್ಕೆ ಪರದೇಶಕ್ಕೆ ಹೋಗಿ ಲಾಯಗಳಲ್ಲಿ ಲದ್ದಿ ಬಾಚಿದಳು. ಬೇರೆಯವರ ಕುದುರೆ ಪಳಗಿಸಿದಳು, ಪಳಗಿದ ಮೇಲೆ ಅವರು ಮಾರಿಕೊಂಡರು. ಎರಡು ಸಲ ರಿಸರ್ವ್ — ಅಂದರೆ ತಂಡದ ಕೋಟು ಹೊಲಿಸಿಕೊಂಡು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟುವುದು. ಸಾಹುಕಾರ ಬಂದಾಗ ಐದು ವರ್ಷದವನು, ಯಾರನ್ನೂ ಬೆನ್ನ ಮೇಲೆ ಕೂರಗೊಡುತ್ತಿರಲಿಲ್ಲ. ಇವಳನ್ನು ಕೂರಿಸಿಕೊಂಡ. ಈಗ, ಕೊನೆಗೂ, ಮೇ ತಿಂಗಳ ಚಾಂಪಿಯನ್‌ಶಿಪ್. ತಂಡದಲ್ಲಿ ಹೆಸರು. ಮುಂದಿನದಕ್ಕೆ ಇವನಿಗೆ ವಯಸ್ಸಿರುವುದಿಲ್ಲ, ಇವಳಿಗೆ ಇನ್ನೊಂದು ಕುದುರೆ ಇಲ್ಲ.

ಹೀಗಿರುವಾಗ ಬಾಯಿ ಬಿಡುವುದು ಹೇಗೆ.

ಮಾರ್ಚ್ ೨೬

ಚಾಂಪಿಯನ್‌ಶಿಪ್ಪಿನ ಕೊನೆಯ ದಿನ ಸಂಗೀತಕ್ಕೆ ಸವಾರಿ ಇರುತ್ತದೆ. ಕುದುರೆಯ ಹೆಜ್ಜೆಗೆ ತಾಳ ಕೂಡಿಸಿ ಕೊಡುವ ಒಬ್ಬನಿದ್ದಾನೆ, ಟೈರ್ ಅಂಗಡಿಯ ಮೇಲೆ ಅವನ ಸ್ಟುಡಿಯೋ. ಪೆನ್‌ಡ್ರೈವ್ ತರೋಕೆ ಪುಟ್ಟಿ ನನ್ನನ್ನು ಅಟ್ಟಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಸಿ ಕೂರಿಸಿದ. ಚೆನ್ನಾಗಿತ್ತು. ಕಣ್ಣು ಒದ್ದೆಯಾಯಿತು — ಈಗೀಗ ಪೇಪರ್ ಓದಿದರೂ ಆಗುತ್ತದೆ.

"ಒಂದು ಕಡೆ ಮಾತ್ರ ಕೆಟ್ಟಿತು ಅಂಕಲ್," ಅಂದ. "ಮ್ಯೂಸಿಕ್ ಏರೋ ಜಾಗದಲ್ಲಿ, ಸರಿಯಾಗಿ ನಡುಮಧ್ಯ, ಎಡಕ್ಕೆ ಗಿರಕಿ ಹೊಡೆಯೋದು ಇಟ್ಟಿದ್ದೆ. ಮೇಡಂ ಅದನ್ನ ತೆಗೆಸಿ ಬಾಗಿಲ ಮೂಲೆಗೆ ಹಾಕಿಸಿದ್ರು. ಜಡ್ಜ್‌ಗಳಿಗೆ ಅಲ್ಲಿ ಬೆನ್ನಷ್ಟೇ ಕಾಣೋದು. ಹಾಳಾಗುತ್ತೆ ಅಂದೆ. ಆಗಲಿ ಅಂದ್ರು."

"ಯಾವಾಗ ತೆಗೆಸಿದ್ದು?"

"ಫೆಬ್ರವರಿ ಕೊನೇಲಿ."

ಎಡಕ್ಕೆ ಗಿರಕಿ ಹೊಡೆಯುವಾಗ ಭಾರವೆಲ್ಲ ಎಡ ಹಿಂಗಾಲಿನ ಮೇಲೆ ಬೀಳುತ್ತದೆ.

ಬಸ್ಸಿನಲ್ಲಿ ಬರುತ್ತಾ ಇಳಿಯುವ ಸ್ಟಾಪು ತಪ್ಪಿಹೋಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು, ಡ್ರಮ್ಯಾಟಿಕ್ ಐರನಿ. ನೋಡುವವನಿಗೆ ಗೊತ್ತಿರುತ್ತದೆ, ಸ್ಟೇಜಿನ ಮೇಲಿರುವವನಿಗೆ ಗೊತ್ತಿರುವುದಿಲ್ಲ. ಅಥವಾ ಉಲ್ಟಾನೋ. ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಗೊತ್ತಿಲ್ಲದವರ ಹಾಗಿದ್ದರೆ ಅದಕ್ಕೇನಂತಾರೆ, ಅದನ್ನು ಪಾಠ ಮಾಡಲಿಲ್ಲ. ಅಥವಾ ಆ ಕ್ಲಾಸಿಗೆ ನಾನು ಚಕ್ಕರ್ ಹೊಡೆದಿದ್ದೆ.

ಏಪ್ರಿಲ್ ೨

ಕುದುರೆ ಡಾಕ್ಟರು ಬಂದಿದ್ದರು. ಪ್ರಯಾಣಕ್ಕೆ ಮುಂಚೆ ಒಮ್ಮೆ ನೋಡಬೇಕಲ್ಲ. ಎದೆ, ಹಲ್ಲು, ಕಣ್ಣು. ಮರಳಿನ ಮೇಲೆ ಓಡಿಸಿ ನೋಡಿದರು.

"ಗಟ್ಟಿ ನೆಲದ ಮೇಲೆ ಒಂದ್ಸಲ ಓಡಿಸೋಣ್ವಾ? ಕುಂಟಿದ್ರೆ ಅಲ್ಲೇ ಗೊತ್ತಾಗೋದು."

"ಲಾರಿ ಅಡ್ಡ ನಿಂತಿದೆ ಡಾಕ್ಟ್ರೇ," ಅಂದಳು ಪುಟ್ಟಿ. "ಬ್ಯಾಟರಿ ಕೂತಿದೆ."

ಕುದುರೆ ಸಾಗಿಸುವ ಲಾರಿ ಯಾವಾಗಲೂ ಹಿತ್ತಿಲಲ್ಲೇ ನಿಲ್ಲುವುದು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಅವಳೇ ಸ್ಟಾರ್ಟ್ ಮಾಡಿ ಸಿಮೆಂಟ್ ಅಂಗಳಕ್ಕೆ ತಂದು ನಿಲ್ಲಿಸಿದ್ದಳು. ಬ್ಯಾಟರಿಗೇನೂ ಆಗಿರಲಿಲ್ಲ.

"ನೀವು ದಿನಾ ನೋಡ್ತೀರಲ್ಲ ಸರ್, ಏನಾದ್ರೂ ಗಮನಿಸಿದ್ರಾ?" ನನ್ನನ್ನೇ ಕೇಳಿದರು.

ಪುಟ್ಟಿ ಜೀನಿನ ಪಟ್ಟಿ ಬಿಚ್ಚುತ್ತಿದ್ದಳು. ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ.

"ನಾನು ಚಪ್ಪಲಿ ಮಾರಿದವನು ಡಾಕ್ಟ್ರೇ," ಅಂದೆ. "ನಾಲ್ಕು ಕಾಲಿನ ಗಿರಾಕಿ ಬಂದದ್ದಿಲ್ಲ."

ಡಾಕ್ಟರು ಬಿದ್ದು ಬಿದ್ದು ನಕ್ಕರು. ಕಾಫಿ ಕುಡಿದು ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಪುಟ್ಟಿ ನನ್ನ ತಟ್ಟೆಗೆ ತಾನೇ ಬಡಿಸಿದಳು. ಹಾಗೆಲ್ಲ ಬಡಿಸುವವಳಲ್ಲ.

ಏಪ್ರಿಲ್ ೩

ಇವತ್ತು ಹೇಳಿಬಿಡಬೇಕು ಅಂತಲೇ ಎದ್ದೆ. ಅವಳು ಬೂಟು ಪಾಲಿಶ್ ಮಾಡುತ್ತಾ ಹಾಡು ಗುನುಗುತ್ತಿದ್ದಳು. ಅವಳಮ್ಮ ಹೋದಮೇಲೆ ಗುನುಗಿದ್ದು ಕೇಳಿಯೇ ಇರಲಿಲ್ಲ. ಪಾಲಿಶ್ ಡಬ್ಬಿ ಈಚೆಗೆ ಸರಿಸಿ ಇನ್ನೊಂದು ಬೂಟು ನಾನು ತಗೊಂಡೆ.

ಏಪ್ರಿಲ್ ೧೯, ಮಧ್ಯಾಹ್ನ

ಬಹಳ ದಿನ ಬರೆಯಲಿಲ್ಲ. ಬರೆಯುವುದೇನು. ದಿನಾ ಗೀರು ಅಳಿಸುವುದು.

ಇವತ್ತಿನದು ಬರೆಯಬೇಕು. ಸ್ಪರ್ಧೆಗೆ ಹಿಂದಿನ ದಿನ ಎಲ್ಲ ಕುದುರೆಗಳನ್ನೂ ಗಟ್ಟಿ ನೆಲದ ಮೇಲೆ ಓಡಿಸಿ ನೋಡುತ್ತಾರೆ. ಸವಾರಿ ಇಲ್ಲ, ಪಕ್ಕದಲ್ಲಿ ಒಬ್ಬರು ಲಗಾಮು ಹಿಡಿದು ಜೊತೆಗೆ ಓಡಬೇಕು. ಒಬ್ಬ ಡಾಕ್ಟರು, ಕೆಲವು ಜಡ್ಜುಗಳು. ನಡೆ ಸರಿಯಿದ್ದರೆ ಪಾಸು. ಇಲ್ಲದಿದ್ದರೆ ಮನೆಗೆ. ನಮ್ಮಲ್ಲಿ ಓಡುವುದು ಯಾವಾಗಲೂ ಮನೆಯವರೇ. ಮೊದಲು ಪುಟ್ಟಿಯ ಅಮ್ಮ ಓಡುತ್ತಿದ್ದಳು, ಸೆರಗು ಸಿಕ್ಕಿಸಿಕೊಂಡು, ಜಡ್ಜುಗಳಿಗೂ ನಗು ಬರುವ ಹಾಗೆ. ನಾಲ್ಕು ವರ್ಷದಿಂದ ನಾನು. ಸಾಹುಕಾರನಿಗೂ ನಾನೇ ಸರಿ, ಅನ್ಯರ ಪಕ್ಕದಲ್ಲಿ ಕಿವಿ ಹಿಂದಕ್ಕೆ ಮಾಡುತ್ತಾನೆ.

"ಅಪ್ಪ, ಪ್ರಾಕ್ಟೀಸ್ ಮಾಡೋಣ ಬಾ," ಅಂದಳು ಪುಟ್ಟಿ.

"ಓಡೋಕ್ಕೆಂಥ ಪ್ರಾಕ್ಟೀಸೇ?"

"ಬಾ ಅಂದ್ರೆ ಬಾ."

ಸಿಮೆಂಟ್ ಅಂಗಳ. ಲಾರಿ ಹಿತ್ತಿಲಿಗೆ ಹೋಗಿತ್ತು. ಅವಳು ಆ ತುದಿಯಲ್ಲಿ ಜಡ್ಜಿನ ಹಾಗೆ ಕೈಕಟ್ಟಿ ನಿಂತಳು.

"ಲಗಾಮು ಇನ್ನೂ ಗಿಡ್ಡ ಹಿಡ್ಕೋ. ಗಲ್ಲದ ಹತ್ತಿರ. ತಲೆ ನಿನ್ನ ಕಡೆ ಇರಲಿ."

ಓಡಿದೆ.

"ನಿಧಾನ ಆಯ್ತು. ಜೋರಾಗಿ ಓಡು. ಜೋರಾಗಿ ಓಡಿದ್ರೆ ಚೆನ್ನಾಗಿ ಕಾಣ್ತಾನೆ."

ಓಡಿದೆ. ಎದೆ ಡಬಡಬ. ತಲೆ ಗಟ್ಟಿ ಹಿಡಿದರೆ ಅದು ಮೇಲೆ ಕೆಳಗೆ ಆಡುವುದಿಲ್ಲ, ಜೋರಾಗಿ ಓಡಿದರೆ ಒಂದು ಹೆಜ್ಜೆಯ ಕೊರತೆ ಇನ್ನೊಂದು ಹೆಜ್ಜೆ ಮುಚ್ಚಿಹಾಕುತ್ತದೆ. ಹೊಸ ಚಪ್ಪಲಿ ಕಚ್ಚುತ್ತಿದ್ದರೂ ಕನ್ನಡಿ ಮುಂದೆ ಸರಸರ ನಡೆದು ತೋರಿಸುವ ಗಿರಾಕಿಗಳಿರಲಿಲ್ಲವೇ.

"ತಿರುಗುವಾಗ ಮಾತ್ರ ನಡೆಸು, ಓಡಿಸಬೇಡ. ಸರಿಯಾಯ್ತು. ಇನ್ನೊಂದ್ಸಲ."

"ಪುಟ್ಟಿ, ಇನ್ನೊಂದ್ಸಲ ಅಂದ್ರೆ ನನ್ನ ಪಾಸ್‌ಪೋರ್ಟ್ ವಾಪಸ್ ಕೊಡ್ಬೇಕಾಗುತ್ತೆ ಮೇಲಿನವನಿಗೆ."

ನಕ್ಕಳು. ಬಂದು ಬೆನ್ನು ಸವರಿದಳು. ನನ್ನದಲ್ಲ, ಅವನದು. ಎಡ ಹಿಂತೊಡೆಯ ಮೇಲೆ ಕೈ ಇಟ್ಟು ನಿಂತಳು. ನಾನು ಅವಳನ್ನು ನೋಡಿದೆ, ಅವಳು ನೆಲ ನೋಡಿದಳು. ಒಂದು ಮಾತು ಹೊರಬಿದ್ದಿದ್ದರೆ ಆಗಲೇ ಬೀಳಬೇಕಿತ್ತು.

"ಇನ್ನೊಂದ್ಸಲ," ಅಂದೆ ನಾನೇ.

ಮೇ ೭, ಸಂಜೆ

ಸ್ಪರ್ಧೆಯ ಜಾಗಕ್ಕೆ ಬಂದು ಸೇರಿದೆವು. ಲಾಯ ನೋಡಿದರೆ ನಮ್ಮ ಮನೆಗಿಂತ ಚೊಕ್ಕ. ಎಲ್ಲ ದೇಶದ ಬಾವುಟ. ಪಕ್ಕದ ಲಾಯದ ಕುದುರೆಗೆ ಫ್ಯಾನ್ ಹಾಕಿದ್ದಾರೆ, ಅದರ ಪಕ್ಕದ್ದಕ್ಕೆ ರೇಡಿಯೋ. ನಮ್ಮವನು ಎಲ್ಲರ ಮೇಲೂ ಒಂದು ಸುತ್ತು ಕಣ್ಣು ಹಾಯಿಸಿ ಹುಲ್ಲಿಗೆ ಬಾಯಿ ಹಾಕಿದ.

ತಂಡದ ರಿಸರ್ವ್ ಹುಡುಗಿ ಬಂದು ನಮಸ್ಕಾರ ಅಂದಳು. ಇಪ್ಪತ್ತಾರೋ ಏನೋ. ಕೋಟು ಗರಿಗರಿ. ನಾಳೆ ಯಾರ ಕುದುರೆಯಾದರೂ ಪಾಸಾಗದಿದ್ದರೆ ಅವಳು. ಪುಟ್ಟಿ ಅವಳ ಕಾಲರ್ ಸರಿಮಾಡಿದಳು. ಎರಡು ಸಲ ಹಾಗೇ ನಿಂತವಳಲ್ಲವೇ ಇವಳೂ.

ಪುಟ್ಟಿ ಸಾಹುಕಾರನ ಕತ್ತಿನ ಕೂದಲಿಗೆ ಜಡೆ ಹೆಣೆಯುತ್ತಿದ್ದಳು. ಸ್ಟೂಲಿನ ಮೇಲೆ ನಿಂತಿದ್ದಳು, ದಾರ ಹಲ್ಲಿನಲ್ಲಿ. ನಾನು ಬಕೆಟ್ ಬೋರಲು ಹಾಕಿ ಕೂತಿದ್ದೆ.

"ಅಪ್ಪ."

"ಹೂಂ."

"ಇದೊಂದು ಸಲ. ಆಮೇಲೆ ಇವನನ್ನ ಹುಲ್ಲಿಗೆ ಬಿಟ್ಟುಬಿಡ್ತೀನಿ. ನಾನು ಮಕ್ಕಳಿಗೆ ಹೇಳಿಕೊಡ್ತೀನಿ. ಇದೊಂದೇ ಸಲ."

"ಆಯ್ತಮ್ಮ."

ಅಷ್ಟೇ. ಅವಳು ಕೇಳಿದ್ದೇನು, ನಾನು ಒಪ್ಪಿದ್ದೇನು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ಅಕಾಂಪ್ಲಿಸೋ, ಅಕಂಪನಿಮೆಂಟೋ. ಒಂದಕ್ಕೆ ಜೈಲು, ಇನ್ನೊಂದಕ್ಕೆ ತಬಲ.

ಮೇ ೮, ಮಧ್ಯಾಹ್ನ

ಲಾರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಸೂಟು ಹಾಕಿದ್ದೆ. ಸಾಹುಕಾರ ಮಿರಮಿರ ಮಿಂಚುತ್ತಿದ್ದ. ನಮ್ಮ ಸರದಿ. ಡಾಕ್ಟರಮ್ಮ ಸುತ್ತ ಬಂದು ಕಾಲು ಮುಟ್ಟಿ ನೋಡಿದಳು, ತಲೆಯಾಡಿಸಿದಳು. ಓಡಿ ಅಂತ ಕೈ ಮಾಡಿದರು.

ಗಿಡ್ಡ ಲಗಾಮು, ಜೋರು ಓಟ. ಪುಟ್ಟಿ ಕಲಿಸಿದ ಹಾಗೇ. ಹೋಗುವಾಗ ಒಂದೂ ತಪ್ಪಾಗಲಿಲ್ಲ. ಕಂಬದ ಹತ್ತಿರ ನಡೆಸಿಕೊಂಡು ತಿರುಗಿದೆ. ಮತ್ತೆ ಓಟ. ಕೋಚಮ್ಮನ ಮುಖದಲ್ಲಿ ಆಗಲೇ ನಗು.

ವಾಪಸ್ ಬರುವಾಗ ಕೈಗೆ ಭಾರ ಬಿತ್ತು. ಅವನು ತಲೆಯನ್ನು ನನ್ನ ಕೈಮೇಲೆ ಇಟ್ಟಿದ್ದ. ಎಳೆಯುತ್ತಿರಲಿಲ್ಲ, ಕೊಸರಾಡುತ್ತಿರಲಿಲ್ಲ. ಊರುತ್ತಿದ್ದ. ಪ್ರತಿ ಎರಡನೇ ಹೆಜ್ಜೆಗೆ, ಎಡ ಹಿಂಗಾಲು ನೆಲ ಮುಟ್ಟಿದಾಗಲೆಲ್ಲ, ಇಷ್ಟಿಷ್ಟು. ಮೆಟ್ಟಿಲಿಳಿಯುವಾಗ ನಾನು ಕಂಬಿ ಹಿಡಿಯುತ್ತೇನಲ್ಲ, ಹಾಗೆ. ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ನನಗೊಬ್ಬನಿಗೆ ಮೊಣಕೈವರೆಗೂ ತಿಳಿಯುತ್ತಿತ್ತು.

ಬಿಟ್ಟೆ. ಯೋಚನೆ ಮಾಡಿ ಬಿಟ್ಟೆನೇ, ಕೈ ತಾನೇ ಬಿಟ್ಟಿತೇ — ದೇವರಾಣೆ ಗೊತ್ತಿಲ್ಲ. ಲಗಾಮು ಸಡಿಲ. ಓಟವೂ ನಿಧಾನ. ಅವನ ತಲೆ ಒಂದು ಸಲ ಕೆಳಗೆ ಹೋಗಿ ಬಂತು. ಇನ್ನೊಂದು ಸಲ. ಸೊಂಟ ಒಂದು ಕಡೆ ಎದ್ದಿತು.

"ಒನ್ಸ್ ಮೋರ್ ಪ್ಲೀಸ್, ಸರ್. ಲೂಸ್ ರೇನ್," ಅಂದಳು ಜಡ್ಜಮ್ಮ.

ಮತ್ತೆ ಓಡಿದೆ. ಲಗಾಮು ಸಡಿಲವಾಗೇ.

ಪಕ್ಕದ ಲಾಯಕ್ಕೆ ಕರೆದುಕೊಂಡು ಹೋಗಿ ಅಂದರು. ಅಂದರೆ ಪಾಸೂ ಇಲ್ಲ, ಫೇಲೂ ಇಲ್ಲ. ಅವರ ಡಾಕ್ಟರು ನೋಡುತ್ತಾರೆ. ನಾಳೆ ಬೆಳಿಗ್ಗೆ ಇನ್ನೊಮ್ಮೆ ಓಡಿಸಿ ತೋರಿಸಬಹುದು. ಬೇಡವೆಂದರೆ ಇವತ್ತೇ ಹಿಂದೆಗೆಯಬಹುದು. ಜಡ್ಜಮ್ಮ ಥ್ಯಾಂಕ್ಯೂ ಸರ್ ಅಂದಳು. ಅಭ್ಯಾಸಬಲದಿಂದ ಮೆನ್ಷನ್ ನಾಟ್ ಅಂದುಬಿಟ್ಟೆ.

ಮೇ ೮, ಸಂಜೆ

ಮೊದಲು ಕೋಚಮ್ಮ. "ಯಜಮಾನ್ರೇ, ಓಡೋಕೆ ಶಕ್ತಿ ಇಲ್ಲ ಅಂದಿದ್ರೆ ಯಾರನ್ನಾದ್ರೂ ಇಡ್ತಿದ್ವಿ! ಇಷ್ಟು ವರ್ಷದ ಕೆಲಸ, ಒಂದು ನಿಮಿಷದಲ್ಲಿ ನೀರಲ್ಲಿ ಹೋಮ!"

"ಅಪ್ಪನಿಗೆ ಸುಸ್ತಾಯ್ತು," ಅಂದಳು ಪುಟ್ಟಿ. "ಬಿಟ್ಬಿಡಿ."

ನನಗೆ ಮರ್ಯಾದೆಯ ಬಾಗಿಲು ತೆಗೆದುಕೊಟ್ಟಳು. ನುಸುಳಿಕೊಂಡು ಹೋಗಬಹುದಿತ್ತು.

"ಸುಸ್ತಾಗಲಿಲ್ಲ," ಅಂದೆ.

ಕೋಚಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದಳು. ಗಮ್ಮು ಅಗಿಯುವುದು ನಿಲ್ಲಿಸಿದಳು. ಫೋನ್ ಬಂದವಳ ಹಾಗೆ ಎದ್ದು ಹೋದಳು.

ಪುಟ್ಟಿ ಹುಲ್ಲಿನ ಮೇಲೆ ಕೂತಳು. ಸಾಹುಕಾರ ಅವಳ ಕೂದಲು ಮೂಸಿದ. ಎಡ ಹಿಂಗಾಲಿಗೆ ತಣ್ಣೀರು ಪಟ್ಟಿ ಕಟ್ಟಿದ್ದರು.

"ಯಾವಾಗಿಂದ ಗೊತ್ತು ನಿನಗೆ?" ಕೇಳಿದಳು.

"ಮಾರ್ಚ್."

"ಹೇಳಲಿಲ್ಲ."

"ನೀನೂ ಹೇಳಲಿಲ್ಲ."

"ನಾನು ಹೇಳಿದ್ರೆ ಅದು ನಿಜ ಆಗಿಬಿಡ್ತಿತ್ತಪ್ಪ." ಮೂಗು ಒರೆಸಿಕೊಂಡಳು. "ದಿನಾ ಬೆಳಿಗ್ಗೆ ಅಂದ್ಕೋತಿದ್ದೆ, ಇವತ್ತು ಅಪ್ಪ ಹೇಳ್ತಾನೆ. ಹೇಳಿದ್ರೆ ಜಗಳ ಆಡ್ತೀನಿ, ಕಿರುಚ್ತೀನಿ, ಆಮೇಲೆ ನಿಲ್ಲಿಸ್ತೀನಿ. ನೀನು ಬಂದು ಕ್ಯಾರೆಟ್ ಕೊಟ್ಟು ಹೋಗ್ತಿದ್ದೆ."

ನಾನೇನು ಅಂದುಕೊಂಡಿದ್ದೆ? ಅವಳಿಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಅಂತ. ಅವಳು ನನ್ನ ಬಾಯಿಯನ್ನೇ ಕಾಯುತ್ತಿದ್ದಳು. ಅವಳಮ್ಮ ಆಗಿದ್ದರೆ ಮಾರ್ಚ್ ನಾಲ್ಕಕ್ಕೇ ಅಂಗಳದಲ್ಲಿ ನಿಂತು ಕೂಗಿ ಹೇಳಿರುತ್ತಿದ್ದಳು.

"ಈಗ ಕೋಪ ಇಲ್ವಾ ನನ್ನ ಮೇಲೆ?"

"ಇದೆ. ತುಂಬಾ ಇದೆ. ಇವತ್ತು ಬಿಡಬಾರದಿತ್ತು ನೀನು. ಬಿಡೋದಾದ್ರೆ ಮುಂಚೆ ಬಿಡಬೇಕಿತ್ತು. ಇಷ್ಟು ಜನದ ಮುಂದೆ..." ಅವನ ಮುಂಗಾಲಿಗೆ ಒರಗಿ ಕಣ್ಣು ಮುಚ್ಚಿದಳು.

ಅಲ್ಲಿನ ಡಾಕ್ಟರು ಹೇಳಿದ್ದು ಇಷ್ಟು. ಕೀಲಿನಲ್ಲಿ ಸವೆತ. ವಿಶ್ರಾಂತಿಯಿಂದ ಬೆಳಿಗ್ಗೆಗೆ ಸರಿಯಾಗಿ ಕಾಣಬಹುದು. ಕಾಣಬಹುದು ಅಂದರು, ಆಗಬಹುದು ಅನ್ನಲಿಲ್ಲ. ಆಮೇಲೆ ಸವಾರಿ ಮಾಡಿದರೆ ಎಷ್ಟು ಕೆಡುತ್ತದೆ ಅಂತ ಪುಟ್ಟಿ ಕೇಳಿದಳು. ಹೇಳಲಾಗದು ಅಂದರು. ಉಳಿದ ಆಯುಷ್ಯವೆಲ್ಲ ಕುಂಟಲೂಬಹುದು.

ಮೇ ೯, ಬೆಳಿಗ್ಗೆ

ಲಾಯದ ಹಿಂದಿನ ಡಾಂಬರು ದಾರಿ. ಕಲ್ಲುಕಟ್ಟೆಯ ಮೇಲೆ ಕೂತಿದ್ದೇನೆ. ಮರುಪರೀಕ್ಷೆಗೆ ಇನ್ನೂ ಸ್ವಲ್ಪ ಹೊತ್ತಿದೆ. ರಿಸರ್ವ್ ಹುಡುಗಿ ತನ್ನ ಕುದುರೆಗೆ ಜೀನು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಾಳೆ. ಯಾರೂ ಅವಳಿಗೆ ಏನೂ ಹೇಳಿಲ್ಲ.

ಕೋಚಮ್ಮ ಬೆಳಿಗ್ಗೆಯೇ ನಡೆಸಿ ನೋಡಿದ್ದಾಳೆ. "ಗಡಿಯಾರದ ಹಾಗಿದ್ದಾನೆ! ಪುಟ್ಟಿ ತಾನೇ ಓಡಿದರೆ ಖಂಡಿತ ಪಾಸು." ಅವಳೂ ಪುಟ್ಟಿ ಅಂದಳು, ಮೊದಲನೇ ಸಲ.

ಪುಟ್ಟಿ ನನ್ನ ಹತ್ತಿರ ಬಂದಳು. ಕಣ್ಣು ಊದಿತ್ತು.

"ಅಪ್ಪ, ಇಲ್ಲಿ ಕೂತ್ಕೋ. ನಾನು ಇವನನ್ನ ಓಡಿಸ್ತೀನಿ, ಲಗಾಮು ಪೂರ್ತಿ ಬಿಟ್ಟು. ಎರಡು ಸಲ. ನೀನು ನೋಡಿ ಹೇಳು. ನೀನು ಸರಿ ಅಂದ್ರೆ ಹೋಗ್ತೀನಿ. ಇಲ್ಲ ಅಂದ್ರೆ ಈಗಲೇ ಹೋಗಿ ಹೆಸರು ಹಿಂದಕ್ಕೆ ತಗೋತೀನಿ."

"ನನ್ನ ಮೇಲೆ ಹಾಕಬೇಡ ಪುಟ್ಟಿ."

"ನಿನ್ನ ಮೇಲೇ ಹಾಕ್ತೀನಿ. ನನಗೆ ಕಣ್ಣು ಕಾಣಲ್ಲಪ್ಪ ಇವನ ವಿಷಯದಲ್ಲಿ. ನನಗೆ ಬೇಕಾದ್ದೇ ಕಾಣುತ್ತೆ."

ಒಂದು ಸಲ ಓಡಿಸಿದಳು. ಹೋಗುವಾಗ ಸರಿಯಿತ್ತು. ನಿಜಕ್ಕೂ ಸರಿಯಿತ್ತು, ಬಿಸಿಲು ಬಿದ್ದು ಬೆನ್ನು ಹೊಳೆಯುತ್ತಿತ್ತು, ಅವಳು ಪಕ್ಕದಲ್ಲಿ ಹುಡುಗಿಯ ಹಾಗೆ ಓಡುತ್ತಿದ್ದಳು. ಎದ್ದು ನಿಂತು ಕೈ ಬೀಸೋಣ ಅನ್ನಿಸಿತು. ಬರುವಾಗ, ಮರದ ನೆರಳು ದಾಟಿದ ಮೇಲೆ, ಸೊಂಟ ಎದ್ದಿತು. ಕೂದಲೆಳೆಯಷ್ಟು. ಜಡ್ಜುಗಳು ಗುರುತಿಸಲಾರರು. ಪಾಸಾಗುತ್ತಾನೆ.

ಇದೆ.

ಈಗ ಎರಡನೇ ಸಲಕ್ಕೆ ಆ ತುದಿಗೆ ಹೋಗಿದ್ದಾಳೆ. ಅಲ್ಲಿಂದ ನನ್ನನ್ನೇ ನೋಡುತ್ತಾ ನಿಂತಿದ್ದಾಳೆ. ಸರಿ ಅಂದರೆ ಅವಳು ನನ್ನನ್ನು ನಂಬುತ್ತಾಳೆ. ಅದೇ ನನಗೆ ಹೆದರಿಕೆ. ಮೂವತ್ತನಾಲ್ಕು ವರ್ಷದ ಸವಾರಿ, ನನ್ನ ಒಂದು ಮಾತಿಗೆ ಮುಗಿಯುತ್ತದೆ. ಮುಗಿಸಿದವನನ್ನು ನಾಳೆ ಮಾತಾಡಿಸುತ್ತಾಳೋ ಇಲ್ಲವೋ. ಮಾತಾಡಿಸದಿದ್ದರೂ ಸರಿ.

ಓಡಿಬರುತ್ತಿದ್ದಾಳೆ. ಕಣ್ಣು ಕುದುರೆಯ ಮೇಲಿಲ್ಲ, ನನ್ನ ಮುಖದ ಮೇಲಿದೆ. ಹತ್ತಿರ ಬಂದಳು. ಪೆನ್ನು ಇಡು ಅಪ್ಪ ಅಂತಿದ್ದಾಳೆ. ಇಡ್ತೀನಿ. ಬೇಡಮ್ಮ, ಇವತ್ತು ಬೇಡ ಅಂತ ಹೇಳಿಬಿಡ್ತೀನಿ.